ಹರಿದುಹೋದ ನೆಲದ ಅಂಚು

ಬೆಂಗಳೂರಿಂದ ಮಂಗಳೂರಿಗೆ ಹಗಲು ಹೊತ್ತಲ್ಲಿ ಹೋಗೋರು ಒಂದ್ಸಲ ಗಮನ ಇಟ್ಟು ನೋಡಿ, ದಾರಿಯಲ್ಲಿ ದೊಡ್ಡದು ಅನ್ನೋ ಬೆಟ್ಟ ಎಲ್ಲೂ ಹತ್ತೋದೇ ಇಲ್ಲ. ಬೆಂಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಹಾಸನ ದಾಟಿ ಸಕಲೇಶಪುರಕ್ಕೆ ಬಂದ್ರೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ಮಧ್ಯೆ ಒಂದಿಷ್ಟು ಏರು ಇಳಿವು ಇದೆ ಅಷ್ಟೇ. ದೋಣಿಗಾಲ್ ದಾಟಿದ್ಮೇಲೆ ರಸ್ತೆ ಇಳಿಯೋಕೆ ಶುರು ಮಾಡುತ್ತೆ ನೋಡಿ, ಇಳೀತಾನೇ ಇರುತ್ತೆ, ಗುಂಡ್ಯ ಬರೋ ಹೊತ್ತಿಗೆ ಏಳುನೂರು ಮೀಟರಿಗೂ ಜಾಸ್ತಿ ಕೆಳಗೆ ಬಂದಿರ್ತೀವಿ, ಕಿವಿ ಗುಂಯ್ ಅಂತಿರುತ್ತೆ, ಹಾಕ್ಕೊಂಡಿದ್ದ ಸ್ವೆಟರ್ ಬಿಚ್ಚಿರ್ತೀವಿ. ಅಲ್ಲಿ ನಿಂತು ಹಿಂದೆ ತಿರುಗಿದ್ರೆ ಮಾತ್ರ ಆಕಾಶಕ್ಕೆ ಅಡ್ಡವಾಗಿ ಬೆಟ್ಟದ ಸಾಲು ಕಾಣುತ್ತೆ. ಅಂದ್ರೆ ಕರಾವಳಿಯವರ ಪಾಲಿಗೆ ಅದು ಬೆಟ್ಟ, ಮೇಲಿಂದ ಬಂದವರ ಪಾಲಿಗೆ ಅದು ನೆಲ ಮುಗಿಯೋ ಜಾಗ.

ನಮ್ಮೂರು ತೀರ್ಥಹಳ್ಳಿ ಕಡೆ. ನಮಗೆ ಆಗುಂಬೆ ಅಂದ್ರೆ ಪಕ್ಕದ ಊರು, ಅಲ್ಲಿಂದ ಹದಿನಾಲ್ಕು ತಿರುವು ಇಳಿದ್ರೆ ಸೋಮೇಶ್ವರ, ಆಮೇಲೆ ಹೆಬ್ರಿ, ಆಮೇಲೆ ಉಡುಪಿ. ಇಷ್ಟು ಹೆಸರಾದ ಘಟ್ಟದ ಆಗುಂಬೆ ಬೆಂಗಳೂರಿಗಿಂತ ತಗ್ಗಿನಲ್ಲಿದೆ ಅನ್ನೋದು ಎಷ್ಟೋ ಜನಕ್ಕೆ ನಂಬೋಕೇ ಆಗಲ್ಲ. ಸಹ್ಯಾದ್ರಿ ಹೇಗೆ ಹುಟ್ಟಿತು ಅನ್ನೋ ಕಥೆಗೆ ಇದಕ್ಕಿಂತ ಒಳ್ಳೆ ಸುಳಿವು ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ.

ಬೆಟ್ಟ ಅಂದಕೂಡಲೇ ನಮಗೆಲ್ಲ ಶಾಲೆಯಲ್ಲಿ ಓದಿದ ಹಿಮಾಲಯ ನೆನಪಾಗುತ್ತೆ. ಎರಡು ಭೂಖಂಡ ಡಿಕ್ಕಿ ಹೊಡೆದು ಮಧ್ಯದ ನೆಲ ಮಡಿಚಿ ಮೇಲೆದ್ದದ್ದು, ಸುಮಾರು 5 ಕೋಟಿ ವರ್ಷದಿಂದ ನಡೀತಿರೋ ಡಿಕ್ಕಿ ಅದು, ಇನ್ನೂ ನಿಂತಿಲ್ಲ. ಸಮುದ್ರದ ಪಕ್ಕದಲ್ಲೇ ಎದ್ದ ಬೆಟ್ಟಸಾಲು ಅಂದ್ರೆ ದಕ್ಷಿಣ ಅಮೆರಿಕದ ಆಂಡೀಸ್, ಅಲ್ಲಿ ಪೆಸಿಫಿಕ್ ಸಾಗರದ ತಳದ ನಾಜ್ಕಾ ಪ್ಲೇಟು, ಅಂದ್ರೆ ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ಹಲಗೆ, ಖಂಡದ ಅಡಿಗೆ ನುಗ್ಗಿಹೋಗ್ತಾ ಇದೆ, ಅದರಿಂದಾನೇ ಅಷ್ಟು ಜ್ವಾಲಾಮುಖಿ, ಅಷ್ಟು ಭೂಕಂಪ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದ್ಯಾವುದೂ ಆಗಿಲ್ಲ. ಇಲ್ಲಿ ಯಾವ ಪ್ಲೇಟೂ ಯಾವುದಕ್ಕೂ ಗುದ್ದಿಲ್ಲ, ಇಲ್ಲಿ ಆಗಿದ್ದು ಉಲ್ಟಾ, ಒಂದಾಗಿದ್ದ ನೆಲ ಹರಿದು ಎರಡಾಯ್ತು, ಹರಿದ ಜಾಗದ ಅಂಚೇ ಸಹ್ಯಾದ್ರಿ.

ಸುಮಾರು 8.8 ಕೋಟಿ ವರ್ಷದ ಹಿಂದೆ ನಮ್ಮ ಮಲ್ಪೆ, ಕುಂದಾಪುರ, ಕಾರವಾರದ ಪಕ್ಕ ಅರಬ್ಬೀ ಸಮುದ್ರ ಇರಲಿಲ್ಲ, ಮಡಗಾಸ್ಕರ್ ಇತ್ತು. ಗೊಂಡ್ವಾನ ಅನ್ನೋ ಮಹಾಖಂಡ ಆಗಲೇ ಚೂರಾಗ್ತಾ ಬಂದಿತ್ತು, ಆಫ್ರಿಕಾ ಬೇರೆಯಾಗಿತ್ತು, ಆದ್ರೆ ಭಾರತ ಮತ್ತೆ ಮಡಗಾಸ್ಕರ್ ಇನ್ನೂ ಅಂಟಿಕೊಂಡೇ ಇದ್ದವು. ಆಮೇಲೆ ಇವೆರಡರ ನಡುವಿನ ನೆಲ ಹಿಗ್ಗೋಕೆ ಶುರುವಾಯ್ತು, ತೆಳ್ಳಗಾಯ್ತು, ಕೆಳಗಿನ ಬಿಸಿ ಮೇಲೆ ಬಂತು, ಸೀಳಿನ ಎರಡೂ ಬದಿಯ ಅಂಚು ಉಬ್ಬಿ ಎದ್ದವು, ಮಧ್ಯದ ಭಾಗ ಕುಸಿದು ಅಲ್ಲಿಗೆ ಸಮುದ್ರ ನುಗ್ಗಿತು. ಭಾರತ ಈಶಾನ್ಯದ ಕಡೆ ಹೊರಟಿತು, ಮಡಗಾಸ್ಕರ್ ಹಿಂದೆ ಉಳೀತು. ಸುಮಾರು 6.3 ಕೋಟಿ ವರ್ಷದ ಹಿಂದೆ ಸೇಶೆಲ್ಸ್ ತುಣುಕೂ ಕಳಚಿಕೊಂಡಿತು. ಡೆಕ್ಕನ್ ಟ್ರ್ಯಾಪ್ ಅಂತಾರಲ್ಲ, ಮಹಾರಾಷ್ಟ್ರದ ಹೆಚ್ಚಿನ ಭಾಗ ಹಾಸಿಕೊಂಡು ನಮ್ಮ ಬೆಳಗಾವಿ, ವಿಜಯಪುರದ ತನಕ ಬಂದಿರೋ ಕಪ್ಪು ಲಾವಾ, ಅದು ಉಕ್ಕಿದ್ದು ಇದಕ್ಕಿಂತ ಸ್ವಲ್ಪ ಮುಂಚೆ, ಸುಮಾರು 6.6 ಕೋಟಿ ವರ್ಷದ ಹಿಂದೆ.

ಈ ಹರಿಯೋ ಕೆಲಸದ ಗುರುತನ್ನ ಕೈಯಲ್ಲಿ ಮುಟ್ಟಿ ನೋಡಬೇಕು ಅಂದ್ರೆ ಮಲ್ಪೆಗೆ ಹೋಗಿ ಬೋಟ್ ಹತ್ತಬೇಕು. ಸೇಂಟ್ ಮೇರೀಸ್ ದ್ವೀಪ, ಊರವರ ಬಾಯಲ್ಲಿ ತೋನ್ಸೆಪಾರ್. ಹೋದವರೆಲ್ಲ ಆ ಕಲ್ಲಿನ ಕಂಬಗಳ ಮೇಲೆ ಕೂತು ಫೋಟೋ ತೆಗೆಸ್ಕೊಂಡು ಬರ್ತಾರೆ, ತೆಗೆಸ್ಕೊಳ್ಳಲಿ ಪಾಪ, ಅಷ್ಟು ಚಂದ ಇದೆ. ಆದ್ರೆ ಒಂದೈದು ನಿಮಿಷ ಬಗ್ಗಿ ಆ ಕಂಬಗಳನ್ನ ನೋಡಬೇಕು. ಯಾರೋ ಉಳಿ ಹಿಡಿದು ಕಡೆದು ಜೋಡಿಸಿದ ಹಾಗೆ ಐದು ಮೂಲೆ, ಆರು ಮೂಲೆ, ಅಲ್ಲಲ್ಲಿ ಏಳು ಮೂಲೆ, ಒಂದರ ಪಕ್ಕ ಒಂದು ಸಂದಿಲ್ಲದ ಹಾಗೆ ನಿಂತಿವೆ, ಕೆಲವು ನೆಟ್ಟಗೆ, ಕೆಲವು ಓರೆ, ತಲೆ ಮಾತ್ರ ಅಲೆ ಬಡಿದು ಬಡಿದು ನುಣುಪಾಗಿದೆ. ಕಾದ ಲಾವಾ ನಿಧಾನಕ್ಕೆ ಆರುವಾಗ ಕುಗ್ಗುತ್ತೆ, ಕುಗ್ಗುವಾಗ ಬಿರುಕು ಬಿಡುತ್ತೆ, ಆ ಬಿರುಕು ಮೇಲಿಂದ ಒಳಕ್ಕೆ ಇಳೀತಾ ಹೋದಾಗ ಕಂಬಗಳಾಗ್ತವೆ. ಈ ಕಲ್ಲಿನ ವಯಸ್ಸು ಅಳೆದಾಗ ಬಂದಿದ್ದು ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್‌ನಲ್ಲೂ ಅದೇ ಕಾಲದ ಲಾವಾ ಹರಡಿಕೊಂಡಿದೆ. ಅಂದ್ರೆ ನಾವು ಕೂತು ಚುರುಮುರಿ ತಿನ್ನೋ ಆ ಕಲ್ಲು ಎರಡು ನೆಲ ಬೇರೆಯಾಗುವಾಗ ಒಳಗಿಂದ ಉಕ್ಕಿದ ಬೆಂಕಿ, ಬೇರೆಯಾದ ಎರಡೂ ಕಡೆ ಅದರ ಪಾಲು ಉಳ್ಕೊಂಡಿದೆ.

ಇನ್ನೊಂದು ವಿಷಯ ಹೇಳ್ತೀನಿ, ಇದು ನನಗೆ ಎಷ್ಟು ಸಲ ಓದಿದ್ರೂ ಮೈ ಜುಂ ಅನ್ಸುತ್ತೆ. ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಒಂದು ಘಟ್ಟ ಇದೆ. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿ ಸಮುದ್ರದ ಕಡೆ ಇಳಿಯುತ್ತೆ, ಅವರದ್ದು ಪೂರ್ವಕ್ಕೆ, ಅಂದ್ರೆ ನಮ್ಮ ಕಡೆಗೆ ಮುಖ ಮಾಡಿ ಇಳಿಯುತ್ತೆ. ಅಲ್ಲೂ ಕೆಳಗೆ ಕಿರಿದಾದ ಕರಾವಳಿ, ಮೇಲೆ ಪ್ರಸ್ಥಭೂಮಿ, ನಡುವಿನ ಇಳಿಜಾರಿನಲ್ಲಿ ನಿತ್ಯಹರಿದ್ವರ್ಣ ಕಾಡು. ಅವರಿಗೆ ಮಳೆ ತರೋದು ಆಗ್ನೇಯದಿಂದ ಬೀಸೋ ವಾಣಿಜ್ಯ ಮಾರುತ, ನಮಗೆ ನೈಋತ್ಯದ ಮುಂಗಾರು. ಆ ದ್ವೀಪದ ಈಶಾನ್ಯದ ಅಂಟೊಂಗಿಲ್ ಭಾಗದ ಬಂಡೆಗಳು ನಮ್ಮ ಧಾರವಾಡ ಕ್ರೇಟಾನ್ (ಖಂಡದ ಬಹಳ ಹಳೆಯ ಗಟ್ಟಿ ಬುಡ) ಬಂಡೆಗಳ ಜತೆ ಸರಿಯಾಗಿ ಹೊಂದುತ್ತವೆ ಅಂತ ಭೂವಿಜ್ಞಾನಿಗಳು ಹೇಳ್ತಾರೆ. ಕಲ್ಲು ಮಾತ್ರ ಅಲ್ಲ, ಕಪ್ಪೆನೂ ಇದನ್ನೇ ಹೇಳುತ್ತೆ. 2003ರಲ್ಲಿ ಕೇರಳದ ಇಡುಕ್ಕಿಯ ಒಂದು ಕಪ್ಪೆಯನ್ನ ವಿಜ್ಞಾನ ಲೋಕಕ್ಕೆ ಹೊಸದಾಗಿ ಪರಿಚಯ ಮಾಡಿದ್ರು, ನೇರಳೆ ಬಣ್ಣ, ಊದಿಕೊಂಡ ಮೈ, ಚೂಪು ಮೂತಿ, ವರ್ಷದ ಹೆಚ್ಚು ಭಾಗ ಮಣ್ಣಿನೊಳಗೇ ಇದ್ದು ಮಳೆಗಾಲದ ಶುರುವಿನಲ್ಲಿ ಮೊಟ್ಟೆ ಇಡೋಕೆ ಮಾತ್ರ ಮೇಲೆ ಬರೋ ಜೀವಿ. ನಾಸಿಕಬಟ್ರಾಕಸ್ ಸಹ್ಯಾದ್ರೆನ್ಸಿಸ್ ಅಂತ ಹೆಸರು. ಅದರದ್ದೇ ಕುಲ ಬಿಟ್ರೆ ಹತ್ತಿರದ ನೆಂಟರು ಭಾರತದಲ್ಲಿ ಎಲ್ಲೂ ಇಲ್ಲ, ಇರೋದು ಸೇಶೆಲ್ಸ್ ದ್ವೀಪಗಳಲ್ಲಿ. ಕಪ್ಪೆ ಸಾಗರ ಈಜಿ ದಾಟಿಲ್ಲ, ನೆಲಾನೇ ಅದನ್ನ ಹೊತ್ತುಕೊಂಡು ದೂರ ಹೋಗಿದೆ.

ಹರಿದ ಅಂಚು ಆಗ ಎಲ್ಲಿತ್ತೋ ಈಗ ಅಲ್ಲೇ ಇಲ್ಲ. ಇವತ್ತಿನ ಕರಾವಳಿಯ ಹತ್ರಾನೋ ಇನ್ನೂ ಪಶ್ಚಿಮಕ್ಕೋ ಇದ್ದ ಅಂಚನ್ನ ಮಳೆ, ಹೊಳೆ ಎಲ್ಲ ಸೇರಿ ಕೊರೆದು ಪೂರ್ವಕ್ಕೆ ತಳ್ಳಿವೆ. ಕಾರವಾರದ ಹತ್ರ ಗುಡ್ಡ ಸಮುದ್ರಕ್ಕೇ ಕಾಲು ಚಾಚಿದೆ, ಉಡುಪಿ ಮಂಗಳೂರು ಕಡೆ ಬಂದ್ರೆ ಘಟ್ಟ ನಲವತ್ತು ಐವತ್ತು ಕಿಲೋಮೀಟರ್ ಒಳಗೆ ಸರಿದಿದೆ. ಹೊಳೆ ಹೇಗೆ ಕೊರೆಯುತ್ತೆ ಅನ್ನೋದನ್ನ ಜೋಗದಲ್ಲಿ ನಿಂತು ನೋಡಬಹುದು. ಶರಾವತಿ ತೀರ್ಥಹಳ್ಳಿ ಹತ್ರದ ಅಂಬುತೀರ್ಥದಲ್ಲಿ ಹುಟ್ಟಿ ಪ್ರಸ್ಥಭೂಮಿಯ ಮೇಲೆ ಆರಾಮಾಗಿ ಹರಿದು ಬರುತ್ತೆ, ಇದ್ದಕ್ಕಿದ್ದ ಹಾಗೆ 253 ಮೀಟರ್ ಬೀಳುತ್ತೆ, ಅಲ್ಲಿಂದ ಆಳವಾದ ಕಣಿವೆಯಲ್ಲಿ ಹೊನ್ನಾವರದ ಕಡೆ ಹೋಗುತ್ತೆ. ಜೋಗದ ಕೆಳಗಿನ ಆ ಕಣಿವೆ ಇದೆಯಲ್ಲ, ಅದು ಹೊಳೆ ಇಷ್ಟು ಕಾಲ ಹಿಂದಕ್ಕೆ ತಿಂದುಕೊಂಡು ಬಂದ ದಾರಿ. ಈಗ 1964ರ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಮಳೆಗಾಲ ಬಿಟ್ಟು ಬೇರೆ ಹೊತ್ತಲ್ಲಿ ಆ ಬಂಡೆಗೆ ಅಷ್ಟು ನೀರೇ ಬೀಳಲ್ಲ.

ಸವೀತಾನೇ ಇದ್ರೆ ಇಷ್ಟು ಕೋಟಿ ವರ್ಷದಲ್ಲಿ ಘಟ್ಟ ಚಪ್ಪಟೆ ಆಗಿಹೋಗಬೇಕಿತ್ತಲ್ಲ ಅಂತ ಕೇಳಬಹುದು. ಆಗಿಲ್ಲ, ಯಾಕಂದ್ರೆ ಭೂಮಿಯ ಹೊರಪದರ ಒಳಗಿನ ಬಿಸಿ ಪದರದ ಮೇಲೆ ತೇಲ್ತಾ ಇರೋ ಥರ ಕೂತಿದೆ, ಮೀನು ತುಂಬಿದ ದೋಣಿಯಿಂದ ಬುಟ್ಟಿ ಇಳಿಸ್ತಾ ಹೋದ ಹಾಗೆ ದೋಣಿ ಮೇಲೆ ಬರುತ್ತಲ್ಲ, ಹಾಗೆ ಕರಾವಳಿ ಕಡೆಯಿಂದ ಕಲ್ಲು ಮಣ್ಣು ಸವೆದು ಸಮುದ್ರ ಸೇರಿದಷ್ಟೂ ಭಾರ ಇಳಿದು ಅಂಚಿನ ನೆಲ ಮತ್ತೆ ಸ್ವಲ್ಪ ಸ್ವಲ್ಪ ಏಳುತ್ತೆ. ಮುಳ್ಳಯ್ಯನಗಿರಿ 1930 ಮೀಟರ್ ಇದೆ, ಕುದುರೆಮುಖ 1894 ಇದೆ, ಇವೆಲ್ಲ ಪ್ರಸ್ಥಭೂಮಿಗಿಂತ ಎಷ್ಟೋ ಎತ್ತರ ಅಲ್ವಾ ಅನ್ನೋರಿಗೆ, ಹೌದು, ಅಲ್ಲಿ ಕಬ್ಬಿಣ ತುಂಬಿದ ಗಟ್ಟಿ ಕಲ್ಲಿದೆ, ಸುತ್ತಲಿನ ಮೆತ್ತನೆಯದು ಸವೆದು ಹೋದಾಗ ಅದು ಉಳ್ಕೊಂಡಿತು. ಬೆಳಗಾವಿಯಿಂದ ಉತ್ತರಕ್ಕೆ ಘಟ್ಟ ಲಾವಾದ್ದು, ನಮ್ಮ ಮಲೆನಾಡಿನಲ್ಲಿ 250ರಿಂದ 300 ಕೋಟಿ ವರ್ಷಕ್ಕೂ ಹಳೆಯ ನೈಸ್, ಶಿಸ್ಟ್ ಕಲ್ಲಿನದು, ಅಂದ್ರೆ ನೆಲದಾಳದ ಬಿಸಿ ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಕಲ್ಲು. ಕಲ್ಲು ಪೂರ್ತಿ ಬೇರೆ, ಅಂಚು ಮಾತ್ರ ಎಳೆದ ಗೆರೆಯಂತೆ ಒಂದೇ. ತಾಪಿ ನದಿಯಿಂದ ಕನ್ಯಾಕುಮಾರಿ ತನಕ ಸುಮಾರು 1600 ಕಿಲೋಮೀಟರ್, ಮಧ್ಯೆ ಪಾಲಕ್ಕಾಡಿನಲ್ಲಿ ಮಾತ್ರ ಮೂವತ್ತು ಕಿಲೋಮೀಟರ್ ಅಗಲದ ದೊಡ್ಡ ಬಾಗಿಲು. ಈ ಅಂಚು ಕಲ್ಲಿನ ಗುಣದಿಂದ ಬಂದಿದ್ದಲ್ಲ, ಸೀಳಿದ್ದರಿಂದ ಬಂದಿದ್ದು ಅನ್ನೋಕೆ ಇದೂ ಒಂದು ಸಾಕ್ಷಿ.

ಈಗ ಮಳೆ. ಬೇರೆಯವರು ಇದನ್ನ ಮೊದಲು ಹೇಳ್ತಾರೆ, ನಾನು ಬೇಕಂತಲೇ ಆಮೇಲೆ ಇಟ್ಕೊಂಡೆ, ಯಾಕಂದ್ರೆ ಅಂಚು ಅರ್ಥ ಆದ್ರೇನೇ ಮಳೆ ಅರ್ಥ ಆಗೋದು.

ಮುಂಗಾರಿನಲ್ಲಿ ಆಫ್ರಿಕಾದ ಕರಾವಳಿ ಕಡೆಯಿಂದ ಅರಬ್ಬೀ ಸಮುದ್ರದ ಮೇಲೆ ಬಲವಾದ ಗಾಳಿ ಬರುತ್ತೆ, ಸೋಮಾಲಿ ಜೆಟ್ ಅಂತಾರೆ, ಅದರ ಜೋರು ಇರೋದು ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ದಾರಿಯುದ್ದಕ್ಕೂ ಸಮುದ್ರದ ತೇವ ಹೀರಿಕೊಂಡು ಬಂದ ಆ ಗಾಳಿಗೆ ಮೊದಲು ಸಿಗೋ ಅಡ್ಡ ಅಂದ್ರೆ ಈ ಘಟ್ಟ. ಹಿಮಾಲಯದ ಮುಂದೆ ಇದರ ಎತ್ತರ ಏನೂ ಅಲ್ಲ, ಆದ್ರೆ ಮಳೆ ತರೋ ಗಾಳಿಯೂ ತಗ್ಗಿನಲ್ಲೇ ಹರಿಯೋದರಿಂದ ಇಷ್ಟೇ ಸಾಕು. ಗಾಳಿ ಮೇಲೇರುತ್ತೆ, ಏರಿದಷ್ಟೂ ತಂಪಾಗುತ್ತೆ, ತಂಪಾದ ಗಾಳಿಗೆ ಅಷ್ಟು ನೀರು ಹಿಡಿದಿಟ್ಟುಕೊಳ್ಳೋಕೆ ಆಗಲ್ಲ, ಸುರಿಸಿಬಿಡುತ್ತೆ. ಮಂಗಳೂರಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುತ್ತೆ, ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತೆ. ಅಲ್ಲಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಪೂರ್ವಕ್ಕೆ ತೀರ್ಥಹಳ್ಳಿಗೆ ಬಂದ್ರೆ ಅದರ ಅರ್ಧಕ್ಕಿಂತ ಕಮ್ಮಿ, ಶಿವಮೊಗ್ಗಕ್ಕೆ ಬಂದ್ರೆ ಸಾವಿರದ ಆಸುಪಾಸು, ಚಳ್ಳಕೆರೆಗೆ ಹೋದ್ರೆ ಐನೂರು ಆಗೋದೂ ಕಷ್ಟ. ಒಂದೇ ಗಾಳಿ, ಒಂದೇ ಮೋಡ, ಒಂದು ಹಗಲಿನಲ್ಲಿ ಬಸ್ಸಲ್ಲಿ ದಾಟಬಹುದಾದ ದೂರ.

ನಮ್ಮ ಕಡೆ ಜೂನ್ ಜುಲೈ ಅನ್ನೋದಕ್ಕಿಂತ ಆರಿದ್ರಾ, ಪುನರ್ವಸು, ಪುಷ್ಯ ಅಂತಲೇ ಲೆಕ್ಕ. ಪುನರ್ವಸು ಹಿಡಿದ್ರೆ ಬಟ್ಟೆ ಒಣಗೋದು ಒಲೆಯ ಮೇಲಿನ ಅಟ್ಟದಲ್ಲೇ, ಉಪ್ಪು ನೀರಾಗಿರುತ್ತೆ, ಗೋಡೆ ಮುಟ್ಟಿದ್ರೆ ಅಂಗೈ ಒದ್ದೆ. ತೋಟದಲ್ಲಿ ಅಡಿಕೆಗೆ ಕೊಳೆ ಬರುತ್ತೆ, ಕೊಳೆರೋಗ. ಮಳೆ ಒಂದೆರಡು ದಿನ ಬಿಡುವು ಕೊಟ್ರೆ ಸಾಕು ಅಂತ ಎಲ್ಲರೂ ಆಕಾಶ ನೋಡ್ತಾ ಕೂತಿರ್ತಾರೆ, ಬಿಟ್ಟ ಕೂಡಲೇ ಮೈಲುತುತ್ತ ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಯೋಕೆ ಕೊನೆಗಾರರು ಮರ ಹತ್ತಬೇಕು, ಜಾರೋ ಮರ ಅದು, ಆ ವಾರದಲ್ಲಿ ಕೊನೆಗಾರರನ್ನ ಹುಡುಕೋದೇ ಒಂದು ದೊಡ್ಡ ಕೆಲಸ. ಅದೇ ವಾರ ಚಳ್ಳಕೆರೆಯಲ್ಲಿ ಶೇಂಗಾ ಬಿತ್ತೋಕೆ ಒಂದು ಹದ ಮಳೆ ಬಂದಿಲ್ಲ ಅಂತ ಪೇಪರಲ್ಲಿ ಬಂದಿರುತ್ತೆ. ಕೆಳಗೆ ಕುಚ್ಚಲಕ್ಕಿ ಗಂಜಿ, ನಮ್ಮಲ್ಲಿ ಅಡಿಕೆ ಮೆಣಸು ಏಲಕ್ಕಿ, ಆಚೆ ರಾಗಿ ಜೋಳ ಶೇಂಗಾ, ಊಟದ ತಟ್ಟೆಯನ್ನೇ ಈ ಅಂಚು ಮೂರು ಭಾಗ ಮಾಡಿದೆ.

ನದಿಗಳ ವಿಷಯ ಇನ್ನೂ ವಿಚಿತ್ರ. ಅಂಚು ಪಶ್ಚಿಮದಲ್ಲಿ ಎದ್ದಿದ್ದರಿಂದ ಇಡೀ ಪ್ರಸ್ಥಭೂಮಿ ಪೂರ್ವಕ್ಕೆ ವಾಲಿಕೊಂಡಿದೆ. ಕೃಷ್ಣೆ ಮಹಾಬಲೇಶ್ವರದಲ್ಲಿ ಹುಟ್ಟುತ್ತೆ, ಅರಬ್ಬೀ ಸಮುದ್ರ ಅಲ್ಲಿಂದ ಅರವತ್ತು ಎಪ್ಪತ್ತು ಕಿಲೋಮೀಟರ್ ಅಷ್ಟೇ, ಆದ್ರೂ ಅದು ಬೆನ್ನು ತಿರುಗಿಸಿ 1400 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿ ಸೇರುತ್ತೆ. ಕುದುರೆಮುಖದ ಗಂಗಾಮೂಲದ ಸುತ್ತ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಕೆಳಗಿಳಿದು ಧರ್ಮಸ್ಥಳ, ಬಂಟ್ವಾಳ ದಾಟಿ ಮಂಗಳೂರಲ್ಲಿ ಸಮುದ್ರ ಸೇರುತ್ತೆ. ತುಂಗಾ ಭದ್ರಾ ಕೂಡ್ಲಿಯಲ್ಲಿ ಒಂದಾಗಿ, ಹಂಪಿ ನೋಡಿಕೊಂಡು, ಕೃಷ್ಣೆಗೆ ಸೇರಿ ಆಂಧ್ರದ ಕರಾವಳಿಗೆ ಹೋಗುತ್ತೆ. ಒಂದೇ ಗುಡ್ಡದ ಹುಲ್ಲಿನ ಮೇಲೆ ಬಿದ್ದ ಹನಿ ಈ ಕಡೆ ಜಾರಿದ್ರೆ ಅರಬ್ಬೀ ಸಮುದ್ರ, ಆ ಕಡೆ ಜಾರಿದ್ರೆ ಬಂಗಾಳ ಕೊಲ್ಲಿ.

ಪಶ್ಚಿಮಕ್ಕೆ ಹರಿಯೋ ಹೊಳೆಗಳು ಗಿಡ್ಡ, ಆದ್ರೆ ಇಳಿಜಾರು ಜೋರು, ಅದಕ್ಕೇ ಅವುಗಳ ಕೊರೆಯೋ ಶಕ್ತಿ ಹೆಚ್ಚು. ಈ ಹೊಳೆಗಳ ನೀರು ಸಮುದ್ರಕ್ಕೆ ವ್ಯರ್ಥವಾಗಿ ಹೋಗ್ತಿದೆ ಅನ್ನೋ ಮಾತನ್ನ ಎಷ್ಟು ವರ್ಷದಿಂದ ಕೇಳ್ತಿದ್ದೀವಿ, ಎತ್ತಿನಹೊಳೆಯಿಂದ 24 ಟಿಎಂಸಿ ಪೂರ್ವಕ್ಕೆ ತಿರುಗಿಸೋ ಯೋಜನೆಗೂ ಅದೇ ಮಾತು ಆಧಾರ. ಕೋಲಾರ ಚಿಕ್ಕಬಳ್ಳಾಪುರದ ಬಾಯಾರಿಕೆ ನಿಜ, ಅದನ್ನ ಯಾರೂ ಹಗುರವಾಗಿ ಮಾತಾಡಬಾರದು. ಆದ್ರೆ ವ್ಯರ್ಥ ಅನ್ನೋದನ್ನ ನಾನು ಒಪ್ಪಲ್ಲ. ಅಣೆಕಟ್ಟಿಲ್ಲದೆ ಹರಿಯೋ ಅಘನಾಶಿನಿ ಸಮುದ್ರ ಸೇರೋ ಜಾಗಕ್ಕೆ, ಕುಮಟಾ ಹತ್ರಕ್ಕೆ, ಹೋಗಿ ನೋಡಿ. ಘಟ್ಟದಿಂದ ಬಂದ ಸಿಹಿನೀರು, ಗೋಡು ಮಣ್ಣು ಉಪ್ಪುನೀರಿನ ಜತೆ ಸೇರೋ ಕಡೆ ಗಜನಿ ಗದ್ದೆಗಳಿವೆ, ಉಪ್ಪು ತಡೆದುಕೊಳ್ಳೋ ಕಗ್ಗ ಭತ್ತ ಅಲ್ಲಿ ಬೆಳೆಯುತ್ತೆ, ಇಳಿತದ ಹೊತ್ತಲ್ಲಿ ಹೆಂಗಸರು ಮೊಣಕಾಲುದ್ದ ಕೆಸರಲ್ಲಿ ಕೂತು ಬೆಳಚು ಅನ್ನೋ ಚಿಪ್ಪುಜೀವಿ ಆರಿಸ್ತಾರೆ, ಮೀನು ಮರಿ ಮಾಡೋದೂ ಅಲ್ಲೇ. ಆ ನೀರು ಬರಲಿಲ್ಲ ಅಂದ್ರೆ ಇದ್ಯಾವುದೂ ಇಲ್ಲ. ಅದೇ ಹೊಳೆಯ ಮೇಲ್ಭಾಗದಲ್ಲಿ, ಸಿದ್ದಾಪುರ ಕಡೆ, ರಾಂಪತ್ರೆ ಜಡ್ಡಿಗಳಿವೆ, ವರ್ಷವಿಡೀ ನೀರು ನಿಂತಿರೋ ಜೌಗು, ಮರದ ಬೇರುಗಳು ಉಸಿರಾಡೋಕೆ ಮಂಡಿ ಮಡಚಿ ಕೆಸರಿಂದ ಮೇಲೆದ್ದಿರ್ತವೆ, ಮೇಲಿನ ಕೊಂಬೆಗಳಲ್ಲಿ ಸಿಂಗಳೀಕ. ಈ ಅಂಚು ಬಿಟ್ರೆ ಸಿಂಗಳೀಕಕ್ಕೆ ಪ್ರಪಂಚದಲ್ಲಿ ಬೇರೆ ಊರಿಲ್ಲ.

ಮಳೆ ಕಲ್ಲನ್ನೂ ಬದಲಾಯಿಸುತ್ತೆ. ಕೋಟ್ಯಂತರ ವರ್ಷ ಬಿಸಿಲು ಮಳೆ ಒಂದರ ಹಿಂದೆ ಒಂದು ಬಿದ್ದು ಕಲ್ಲಿನೊಳಗಿನ ಸಿಲಿಕಾ ಎಲ್ಲ ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದದ್ದೇ ಕರಾವಳಿಯ ಮುರಕಲ್ಲು, ಉತ್ತರ ಕನ್ನಡದಲ್ಲಿ ಚಿರೇಕಲ್ಲು ಅಂತಾರೆ. ಕೋರೆಯಿಂದ ಆಗಷ್ಟೇ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ರೆ ಗಟ್ಟಿಯಾಗ್ತಾ ಹೋಗುತ್ತೆ. 1807ರಲ್ಲಿ ಪ್ರಕಟವಾದ ಫ್ರಾನ್ಸಿಸ್ ಬುಕಾನನ್ ಬರಹದಲ್ಲಿ ಇದಕ್ಕೆ ಲ್ಯಾಟರೈಟ್ ಅನ್ನೋ ಹೆಸರು ಬಂತು, ಅವನು ನೋಡಿದ್ದು ಮಲಬಾರಿನ ಅಂಗಾಡಿಪುರಂನಲ್ಲಿ. ಕರಾವಳಿಯ ಈ ಪದರದೊಳಗಿನ ಮ್ಯಾಂಗನೀಸ್ ಖನಿಜದ ವಯಸ್ಸು ಅಳೆದವರಿಗೆ ಸುಮಾರು 4.7 ಕೋಟಿ ವರ್ಷದಷ್ಟು ಹಳೆಯದೂ ಸಿಕ್ಕಿದೆ, ಅಂದ್ರೆ ಆ ಹೊತ್ತಿಗಾಗಲೇ ಕೆಳಗೆ ಕರಾವಳಿಯ ಬಯಲಿತ್ತು, ಅದರ ಹಿಂದೆ ಘಟ್ಟ ಎದ್ದು ನಿಂತಿತ್ತು.

ಮುರಕಲ್ಲಿನ ಮೈಯೆಲ್ಲ ತೂತು, ನೀರು ಸರಾಗ ಇಳಿಯುತ್ತೆ. ಅಷ್ಟು ಮಳೆ ಬಿದ್ರೂ ಏಪ್ರಿಲ್‌ನಲ್ಲಿ ಬಾವಿ ಬತ್ತೋದು ಇದಕ್ಕೇ. ಕಾಸರಗೋಡು, ಬಂಟ್ವಾಳ ಕಡೆಯವರು ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು, ಒಳಗೆ ಜಿನುಗೋ ನೀರನ್ನ ತೋಟಕ್ಕೆ ತಂದುಕೊಳ್ಳೋದೂ ಇದೇ ಗುಣದಿಂದ. ಇಳಿದ ನೀರು ಹೋಗಿ ನಿಲ್ಲೋದು ಅಡಿಯಲ್ಲಿರೋ ಶೇಡಿ ಮಣ್ಣಿನ ಪದರದಲ್ಲಿ. ಬಿಳಿ, ತಿಳಿ ಗುಲಾಬಿ ಬಣ್ಣದ ನುಣುಪು ಮಣ್ಣು ಅದು, ಒಣಗಿದ್ದಾಗ ನೆಟ್ಟಗೆ ಕಡಿದ್ರೂ ಗಟ್ಟಿಯಾಗಿ ನಿಲ್ಲುತ್ತೆ, ನೀರು ಕುಡಿದ ಮೇಲೆ ಬೆರಳಲ್ಲಿ ಒತ್ತಿದ್ರೆ ಪೇಸ್ಟ್ ಆಗುತ್ತೆ. ಬೇಸಿಗೆಯಲ್ಲಿ ಜೆಸಿಬಿ ಹಚ್ಚಿ ಗುಡ್ಡದ ಬುಡ ಕಡಿದಾಗ ಏನೂ ಆಗಲ್ಲ, ಆ ಗುಡ್ಡದ ನಿಜವಾದ ಪರೀಕ್ಷೆ ಇರೋದು ಪುಷ್ಯ ಆಶ್ಲೇಷ ಮಳೆಯಲ್ಲಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ವು, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರಿಗೆ ಊರೇ ಹೋಯ್ತು. ಅದಕ್ಕೆ ಎರಡು ವಾರ ಮುಂಚೆ, ಜುಲೈ 16ರಂದು, ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು, ರಸ್ತೆ ಅಗಲ ಮಾಡುವಾಗ ಬುಡ ಕಡಿದಿದ್ದ ಗುಡ್ಡ. ರಸ್ತೆ ಪಕ್ಕದ ಚಹಾದಂಗಡಿ, ನಿಂತಿದ್ದ ಲಾರಿ ಎಲ್ಲ ಗಂಗಾವಳಿ ನದಿಗೆ ಹೋದ್ವು, ಮಣ್ಣು ಬಿದ್ದ ರಭಸಕ್ಕೆ ನದಿ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಆಚೆ ದಡದವರು ಗುಡ್ಡ ಕಡಿದವರೂ ಅಲ್ಲ, ಆ ರಸ್ತೆಯಲ್ಲಿ ಹೋಗ್ತಿದ್ದವರೂ ಅಲ್ಲ.

ಘಟ್ಟದ ಅಂಚು ಜಾರೋದು ಅದರ ಸ್ವಭಾವ, ಜಾರಿ ಜಾರಿನೇ ಅದು ಕರಾವಳಿಯಿಂದ ಇಷ್ಟು ದೂರ ಬಂದಿದ್ದು, ಅದನ್ನ ಯಾವ ಸರ್ಕಾರವೂ ನಿಲ್ಲಿಸೋಕಾಗಲ್ಲ. ನಾವು ಮಾಡಬಹುದಾದ್ದು ಬೇರೆ. ಇಳಿಜಾರನ್ನ ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯೋದು, ನೀರು ಹೊರಗೆ ಹೋಗೋಕೆ ದಾರಿ ಬಿಡೋದು, ಮೇಲಿನ ಮರ ಉಳಿಸೋದು, ಕಡಿಯಲೇಬಾರದ ಕಡೆ ರಸ್ತೆ ಕಿರಿದಾಗೇ ಇರಲಿ ಅಂತ ಒಪ್ಕೊಳ್ಳೋದು, ಅರ್ಧ ಗಂಟೆ ತಡ ಆದ್ರೆ ಆಗ್ಲಿ. ಗುಡ್ಡದ ಮೇಲೆ ಬಿರುಕು ಬಿಟ್ಟಿದ್ದು, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾಗಿದ್ದು, ಮರ ವಾಲಿದ್ದು, ಇದೆಲ್ಲ ಮೊದಲು ಕಾಣೋದು ಅಲ್ಲೇ ದನ ಮೇಯಿಸೋರಿಗೆ, ಸೊಪ್ಪು ಕಡಿಯೋರಿಗೆ. ಪ್ರತಿ ಘಟ್ಟದ ಪಂಚಾಯಿತಿಯಲ್ಲೂ ಮೇ ತಿಂಗಳಲ್ಲಿ ಅವರನ್ನ ಕೂರಿಸಿಕೊಂಡು ಎಲ್ಲೆಲ್ಲಿ ಏನು ಕಂಡ್ರಿ ಅಂತ ಕೇಳಿ ಬರೆದುಕೊಳ್ಳಬೇಕು, ಬರೆದುಕೊಂಡ ಜಾಗಕ್ಕೆ ಮಳೆ ಹಿಡಿಯೋ ಮುಂಚೆ ಭೂವಿಜ್ಞಾನ ಗೊತ್ತಿರೋ ಒಬ್ಬರು ಹೋಗಿ ನೋಡಿ ಬರಬೇಕು, ಅಪಾಯ ಕಂಡ್ರೆ ಆರಿದ್ರಾ ಶುರುವಾಗೋದರೊಳಗೆ ಕೆಳಗಿನ ಮನೆಯವರಿಗೆ ಬೇರೆ ಕಡೆ ಇರೋಕೆ ವ್ಯವಸ್ಥೆ ಆಗಿರಬೇಕು.